ಅಮ್ಮನ ಬಳೆ, ಬಾರದ ಬ್ಯಾಗು: ಕುಟುಂಬದ ವಿದೇಶ ಪ್ರವಾಸಕ್ಕೆ ವಿಮೆ ಮಾಡಿಸುವ, ಕ್ಲೈಮ್ ಪಡೆಯುವ ಸಮಗ್ರ ಮಾರ್ಗದರ್ಶಿ

ಥಾಯ್ಲೆಂಡಿನ ಫುಕೆಟ್ ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟ್ ತಿರುಗಿ ತಿರುಗಿ ನಿಂತೇಹೋಯಿತು. ನಮ್ಮ ನಾಲ್ಕು ಬ್ಯಾಗುಗಳಲ್ಲಿ ಮೂರು ಬಂದಿದ್ದವು. ಬಾರದೇ ಇದ್ದದ್ದು ನೀಲಿ ಬ್ಯಾಗು. ಅದರಲ್ಲಿ ಏನೇನಿತ್ತು ಅಂತ ಅಲ್ಲೇ ನಿಂತು ಲೆಕ್ಕ ಹಾಕಿದೆವು. ಅಪ್ಪನ ಬಟ್ಟೆ ಅಷ್ಟೂ, ಮಗಳ ಈಜುಡುಗೆ, ಒಂದು ಡಬ್ಬಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅಮ್ಮನ ಬಿಪಿ ಮಾತ್ರೆ.

"ಮಾತ್ರೆ ಯಾಕಮ್ಮ ಅದರಲ್ಲಿ ಇಟ್ಟೆ?" ಅಂದೆ.

"ಕೈಚೀಲ ಭಾರ ಆಗತ್ತೆ, ಎಲ್ಲ ದೊಡ್ಡ ಬ್ಯಾಗಿಗೆ ಹಾಕು ಅಂದೋನು ನೀನೇ ತಾನೇ?" ಅಂದಳು ಅಮ್ಮ. ಅಲ್ಲಿಗೆ ನನ್ನ ಬಾಯಿ ಬಂದ್.

ಎರಡು ದಿನ ಕಳೆದು, ಫಿ ಫಿ ದ್ವೀಪದ ಹತ್ತಿರ ದೋಣಿಯ ಏಣಿ ಇಳಿಯುವಾಗ ಅಮ್ಮ ಜಾರಿ ಎಡಗೈ ಊರಿದಳು. ಮಣಿಕಟ್ಟಿನ ಮೂಳೆ ಮುರಿಯಿತು. ಅವಳಿಗೆ 66 ವರ್ಷ. ತಿಪಟೂರು ಬಿಟ್ಟು ಅವಳು ಬೆಂಗಳೂರಿಗೆ ಬರುವುದೇ ಅಪರೂಪ, ಇದು ಮೊದಲ ವಿದೇಶ ಪ್ರವಾಸ. ಆರು ದಿನದ ಟ್ರಿಪ್ಪಿನಲ್ಲಿ ಎರಡು ಕ್ಲೈಮ್. ಒಂದರಲ್ಲಿ ಹೆಚ್ಚುಕಡಿಮೆ ಪೂರ್ತಿ ದುಡ್ಡು ಬಂತು, ಇನ್ನೊಂದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಪಾಲಿಸಿ ಅದೇ, ಕಂಪನಿ ಅದೇ. ವ್ಯತ್ಯಾಸ ಇದ್ದದ್ದು ಅಲ್ಲಿದ್ದಾಗ ನಾವು ಯಾವ ಕಾಗದ ಇಟ್ಟುಕೊಂಡೆವು ಅನ್ನುವುದರಲ್ಲಿ. ಕ್ಲೈಮ್ ಅನ್ನುವುದು ಮನೆಗೆ ಬಂದು ಫಾರ್ಮ್ ತುಂಬಿದಾಗ ಶುರುವಾಗುವುದಲ್ಲ, ಎಡವಿ ಬಿದ್ದ ಜಾಗದಲ್ಲೇ ಶುರುವಾಗುತ್ತದೆ. ಅದು ಗೊತ್ತಾಗಿದ್ದು ನನಗೆ ತಡವಾಗಿ. ಕೆಳಗಿನ ಹೆಜ್ಜೆಗಳನ್ನು ಆ ತಿಳಿವಳಿಕೆಯಿಂದ ಬರೆದಿದ್ದೇನೆ.

1. ನಿಮಗೆ ಇದು ಬೇಕಾ, ಮೊದಲು ನೋಡಿ

ಊಟಿಗೋ ಕಾಶಿಗೋ ಹೋಗುವುದಾದರೆ ಗಾಬರಿಯಿಂದ ಬೇರೆ ಪಾಲಿಸಿ ಮಾಡಿಸಬೇಕಿಲ್ಲ. ನಿಮ್ಮ ಮಾಮೂಲಿ ಆರೋಗ್ಯ ವಿಮೆ ಸಾಮಾನ್ಯವಾಗಿ ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ. ಹೋಗುವ ಊರಲ್ಲಿ ಕ್ಯಾಶ್‌ಲೆಸ್ ಆಸ್ಪತ್ರೆ (ಬಿಲ್ಲನ್ನು ವಿಮೆಯವರೇ ನೇರ ಕಟ್ಟುವಂಥದ್ದು) ಯಾವುದಿದೆ ಅಂತ ಮೊದಲೇ ನೋಡಿಕೊಂಡರೆ ಸಾಕು. 70 ದಾಟಿದ ಹಿರಿಯರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.

ರೈಲಿಗೆ ಹೋಗುವವರು ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ವಿಮೆಯ ಆಯ್ಕೆಗೆ ಟಿಕ್ ಹಾಕಿ. ಒಬ್ಬರಿಗೆ 45 ಪೈಸೆ. ಹೌದು, ಪೈಸೆಯೇ. ರೈಲು ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 7.5 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಟಿಕೆಟ್ ಆದಮೇಲೆ ವಿಮಾ ಕಂಪನಿಯಿಂದ ಒಂದು ಲಿಂಕ್ ಬರುತ್ತದೆ, ಅದರಲ್ಲಿ ನಾಮಿನಿಯ ಹೆಸರು ತುಂಬಬೇಕು. ಬಹಳ ಜನ ಆ ಮೆಸೇಜನ್ನು ಜಾಹೀರಾತು ಅಂದುಕೊಂಡು ಡಿಲೀಟ್ ಮಾಡುತ್ತಾರೆ. ನಾನೂ ಮಾಡಿದವನೇ.

ವಿದೇಶದ ಕಥೆಯೇ ಬೇರೆ. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವೀಸಾಕ್ಕಂತೂ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ ವಿಮೆ ಕಡ್ಡಾಯ. ಅದು ಎಲ್ಲ ಷೆಂಗೆನ್ ದೇಶಗಳಿಗೂ, ಅಲ್ಲಿರುವ ಅಷ್ಟೂ ದಿನಕ್ಕೂ ಅನ್ವಯಿಸಬೇಕು. ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂ ಪ್ರವಾಸಕ್ಕೆ ಹೊರಟವರನ್ನು ಹೀಗೆ ಯಾರೂ ಒತ್ತಾಯಿಸುವುದಿಲ್ಲ. ಅದಕ್ಕೇ ಜನ ಮಾಡಿಸದೆ ಹೋಗುವುದು. ನಮ್ಮ ಐದು ಜನರ ಪ್ರೀಮಿಯಂ ಸೇರಿಸಿದರೂ ಆ ಒಂದು ದಿನದ ದೋಣಿ ಟ್ರಿಪ್ಪಿಗೆ ಕೊಟ್ಟಷ್ಟು ಆಗಿರಲಿಲ್ಲ.

ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರು ಒಂದು ವಿಷಯ ಗಮನಿಸಬೇಕು. ಅಲ್ಲಿ ಸಿಗುವ ಅಗ್ಗದ ಪ್ಲಾನುಗಳಲ್ಲಿ ಕೆಲವು ಒಂದೊಂದು ಚಿಕಿತ್ಸೆಗೆ ಇಷ್ಟೇ ಡಾಲರ್ ಅಂತ ನಿಗದಿ ಮಾಡಿರುತ್ತವೆ. ಆಸ್ಪತ್ರೆ ಬಿಲ್ ಎಷ್ಟೇ ಆಗಲಿ, ಉಳಿದದ್ದು ನಿಮ್ಮ ತಲೆ ಮೇಲೆ. ಮಕ್ಕಳು ಕಡಿಮೆ ರೇಟು ನೋಡಿ ಮಾಡಿಸಿಬಿಡುತ್ತಾರೆ. ಕೇಳಿ ತಿಳಿದುಕೊಳ್ಳಿ.

2. ಟಿಕೆಟ್ ಬುಕ್ ಮಾಡಿದ ದಿನವೇ ಮಾಡಿಸಿ

ಹೆಚ್ಚಿನವರು ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸಿನ ಜಿಪ್ ಎಳೆಯುತ್ತಾ ಪಾಲಿಸಿ ತಗೊಳ್ಳುತ್ತಾರೆ. ಅದರಿಂದ ಒಂದು ಮುಖ್ಯ ಲಾಭ ಕೈತಪ್ಪುತ್ತದೆ. ಪ್ರವಾಸ ರದ್ದಾದರೆ ಸಿಗುವ ರಕ್ಷಣೆ ಸಾಮಾನ್ಯವಾಗಿ ಪಾಲಿಸಿ ಕೊಂಡ ದಿನದಿಂದಲೇ ಶುರು. ಹೊರಡಲು ಹದಿನೈದು ದಿನ ಇರುವಾಗ ಮಗುವಿಗೆ ಡೆಂಗಿ ಬಂದು ಆಸ್ಪತ್ರೆ ಸೇರಿದರೆ, ವಾಪಸ್ ಬಾರದ ಹೋಟೆಲ್ ದುಡ್ಡು, ಟಿಕೆಟ್ ದುಡ್ಡು ಅದರಲ್ಲಿ ಕೇಳಬಹುದು. ಪ್ರೀಮಿಯಂ ಲೆಕ್ಕ ಹಾಕುವುದು ಪ್ರವಾಸದ ದಿನಗಳ ಮೇಲೆ. ಹಾಗಾಗಿ ಮೊದಲೇ ಕೊಂಡರೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ.

ಆದರೆ ರದ್ದತಿಗೆ ಒಪ್ಪುವ ಕಾರಣಗಳ ಪಟ್ಟಿ ಪಾಲಿಸಿಯಲ್ಲೇ ಇರುತ್ತದೆ. ಹತ್ತಿರದ ಸಂಬಂಧಿಯ ಸಾವು, ಆಸ್ಪತ್ರೆ ವಾಸ, ಇಂಥವು. "ಆಫೀಸಲ್ಲಿ ರಜಾ ಸಿಗಲಿಲ್ಲ", "ಮನಸ್ಸು ಬದಲಾಯಿತು" ಅನ್ನುವುದು ಮಾಮೂಲಿ ಪಾಲಿಸಿಯಲ್ಲಿ ನಡೆಯುವುದಿಲ್ಲ. ಚಂಡಮಾರುತವೋ ಯುದ್ಧವೋ ಸುದ್ದಿಯಾದ ಮೇಲೆ ಓಡಿಹೋಗಿ ಕೊಂಡರೂ ಉಪಯೋಗವಿಲ್ಲ. ಮೊದಲೇ ಗೊತ್ತಿದ್ದ ಅಪಾಯಕ್ಕೆ ವಿಮೆ ಇಲ್ಲ.

ಟೂರ್ ಏಜೆಂಟ್ ಪ್ಯಾಕೇಜಿನ ಜೊತೆ ವಿಮೆ "ಫ್ರೀ" ಅಂದರೆ ಪಾಲಿಸಿ ಪ್ರತಿ ಕೇಳಿ ಇಸಿದುಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ, ವಾಪಸ್ ಬಂದಿಳಿಯುವ ದಿನವೂ ಸೇರಿದೆಯಾ, ಮೊತ್ತ ಎಷ್ಟು, ಈ ಮೂರು ನೋಡಿ.

3. ಪಾಲಿಸಿಯನ್ನು ಹಿಂದಿನಿಂದ ಓದಿ

ಮೊದಲ ಪುಟದಲ್ಲಿ 50,000 ಡಾಲರ್, 1 ಲಕ್ಷ ಡಾಲರ್ ಅಂತ ದಪ್ಪಕ್ಷರ ಇರುತ್ತದೆ. ಅದನ್ನು ಬಿಡಿ. ಸೀದಾ "ಎಕ್ಸ್‌ಕ್ಲೂಷನ್ಸ್" ಅನ್ನುವ ಪುಟಕ್ಕೆ ಹೋಗಿ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವುದು ಅಲ್ಲಿದೆ. ಅರ್ಧ ಗಂಟೆಯ ಕೆಲಸ, ಬೇಜಾರಿನದ್ದು. ಆದರೂ ಓದಿ.

ಮೊದಲಿಗೆ ಹಳೆಯ ಕಾಯಿಲೆ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರಿಗೆ ಬಹಳಷ್ಟು ಪಾಲಿಸಿಗಳು ಜೀವಕ್ಕೇ ಅಪಾಯ ಅನ್ನುವಂಥ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಕೆಲವು ಕೊಡುವುದೇ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ಈ ಒಂದು ಸಾಲು ನೋಡಿಯೇ ಪಾಲಿಸಿ ಆರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಬೆಲೆ ಆಮೇಲಿನ ಮಾತು.

ಇನ್ನೊಂದು ಸಬ್-ಲಿಮಿಟ್. 60 ದಾಟಿದವರಿಗೆ ಎಷ್ಟೋ ಪ್ಲಾನುಗಳಲ್ಲಿ ಒಟ್ಟು ಮೊತ್ತ ದೊಡ್ಡದಿದ್ದರೂ ಒಳಗೆ ಬೇಲಿ ಹಾಕಿರುತ್ತಾರೆ. ದಿನದ ಕೋಣೆ ಬಾಡಿಗೆಗೆ ಇಷ್ಟು, ಸರ್ಜನ್ ಫೀಸಿಗೆ ಇಷ್ಟು, ಆ್ಯಂಬುಲೆನ್ಸಿಗೆ ಇಷ್ಟು. ಸಬ್-ಲಿಮಿಟ್ ಇಲ್ಲದ ಪ್ಲಾನ್ ಸ್ವಲ್ಪ ದುಬಾರಿ. ಅಪ್ಪ-ಅಮ್ಮನಿಗೆ ಅದನ್ನೇ ತಗೊಳ್ಳಿ, ನಿಮಗೆ ಬೇಕಾದರೆ ಮಾಮೂಲಿ ತಗೊಳ್ಳಿ. ಎಲ್ಲರಿಗೂ ಒಂದೇ ಪ್ಲಾನ್ ಇರಬೇಕು ಅಂತೇನಿಲ್ಲ.

ಡಿಡಕ್ಟಿಬಲ್ ಅಂದರೆ ಪ್ರತಿ ಕ್ಲೈಮಿನಲ್ಲೂ ಮೊದಲು ನೀವು ಕೈಯಿಂದ ಹಾಕಬೇಕಾದ ದುಡ್ಡು. ನಮ್ಮ ಪಾಲಿಸಿಯಲ್ಲಿ ಅದು 100 ಡಾಲರ್. ಮಗುವಿಗೆ ಭೇದಿಯಾಗಿ ಕ್ಲಿನಿಕ್ಕಿಗೆ ಹೋಗಿ 60 ಡಾಲರ್ ಖರ್ಚಾದರೆ ಏನೂ ಬರುವುದಿಲ್ಲ. ಸುಮ್ನೆ ಫಾರ್ಮ್ ತುಂಬಬೇಡಿ.

ಆಮೇಲೆ ಸಾಹಸ. ಪ್ಯಾರಾಸೇಲಿಂಗ್, ಸ್ಕೂಬಾ, ಜೆಟ್ ಸ್ಕೀ ಇವೆಲ್ಲ ಬಹಳ ಪಾಲಿಸಿಗಳಲ್ಲಿ ಹೊರಗೆ, ಅಥವಾ ಹೆಚ್ಚುವರಿ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಕುಡಿದಿದ್ದಾಗ ಆದ ಪೆಟ್ಟಿಗೂ ಇಲ್ಲ. ಥಾಯ್ಲೆಂಡಿನಲ್ಲಿ ನಮ್ಮವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಬಾಡಿಗೆ ಸ್ಕೂಟರಿನಲ್ಲಿ. ಅಂಗಡಿಯವನು ಲೈಸೆನ್ಸ್ ಕೇಳುವುದಿಲ್ಲ, ದುಡ್ಡು ಕೊಟ್ಟರೆ ಕೀ ಕೊಡುತ್ತಾನೆ. ಬಿದ್ದಮೇಲೆ ವಿಮಾ ಕಂಪನಿ ಕೇಳುತ್ತದೆ. ಇಲ್ಲಿನ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿರಬೇಕು, ಅದರಲ್ಲಿ ದ್ವಿಚಕ್ರದ ಅನುಮತಿಯೂ ಇರಬೇಕು. ಕಾರಿನ ಲೈಸೆನ್ಸ್ ತೋರಿಸಿದರೆ ಆಗುವುದಿಲ್ಲ.

4. ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ

ಆನ್‌ಲೈನ್ ಫಾರ್ಮಿನಲ್ಲಿ "ಯಾವುದಾದರೂ ಕಾಯಿಲೆ ಇದೆಯೇ?" ಅಂತ ಕೇಳುತ್ತದೆ. ಹೌದು ಅಂದರೆ ಪ್ರೀಮಿಯಂ ಏರುತ್ತದೆ, ಇಲ್ಲ ಅಂದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಾನು ಅಮ್ಮನ ಬಿಪಿ ಬರೆದೆ. ಅಪ್ಪ, "ಒಂದು ಮಾತ್ರೆಗೆಲ್ಲ ಯಾಕೋ ಬರೀತೀಯ?" ಅಂದಿದ್ದರು. ಫುಕೆಟ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು "ಯಾವ ಔಷಧಿ ತಗೊಳ್ತಾರೆ?" ಅಂತ. ಆ ಉತ್ತರ ಡಿಸ್ಚಾರ್ಜ್ ಸಮರಿಯಲ್ಲಿ ಅಚ್ಚಾಯಿತು. ಫಾರ್ಮಿನಲ್ಲಿ ಮುಚ್ಚಿಟ್ಟಿದ್ದರೆ ಕ್ಲೈಮ್ ತಿರಸ್ಕರಿಸಲು ಅದೊಂದೇ ಸಾಲು ಸಾಕಾಗುತ್ತಿತ್ತು.

5. ಬ್ಯಾಗ್ ಕಟ್ಟುವಾಗ

ಮಾತ್ರೆಗಳು ಕೈಚೀಲದಲ್ಲೇ. ಡಾಕ್ಟರ ಚೀಟಿಯೂ ಜೊತೆಗಿರಲಿ, ಅದರಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಬೇಕು. ನಾವು ಔಷಧಿ ಅಂಗಡಿಗೆ ಹೋದಾಗ ಇಲ್ಲಿನ ಮಾತ್ರೆಯ ಹೆಸರು ಅವರಿಗೆ ಗೊತ್ತಾಗಲೇ ಇಲ್ಲ. ನನ್ನ ಹೆಂಡತಿ ಫೋನಿನಲ್ಲಿದ್ದ ಹಳೆಯ ಮಾತ್ರೆ ಸ್ಟ್ರಿಪ್ಪಿನ ಫೋಟೋ ಹುಡುಕಿ, ಹಿಂದೆ ಸಣ್ಣ ಅಕ್ಷರದಲ್ಲಿದ್ದ 'ಆಮ್ಲೋಡಿಪಿನ್' ತೋರಿಸಿದ ಮೇಲೆ ಕೆಲಸ ಆಯಿತು.

ಒಂದೇ ಬ್ಯಾಗಿಗೆ ಒಬ್ಬರ ಬಟ್ಟೆಯೆಲ್ಲ ತುಂಬಬೇಡಿ. ಎಲ್ಲರದ್ದೂ ಒಂದೊಂದು ಜೊತೆ ಬೇರೆ ಬೇರೆ ಬ್ಯಾಗಿನಲ್ಲಿ ಹಂಚಿ. ಬ್ಯಾಗ್ ಒಳಗಡೆಯೂ ಹೆಸರು, ಫೋನ್ ನಂಬರಿನ ಚೀಟಿ ಹಾಕಿ. ಚೆಕ್-ಇನ್‌ಗೆ ಕೊಡುವ ಮೊದಲು ಬ್ಯಾಗಿನ ಫೋಟೋ ತೆಗೆಯಿರಿ, ಹೊರಗಿನದ್ದು ಒಂದು, ತೆರೆದದ್ದು ಒಂದು. ಪಾಲಿಸಿಯ ಪ್ರತಿ, ತುರ್ತು ಸಹಾಯದ ನಂಬರು ಇಬ್ಬರ ಫೋನಿನಲ್ಲಾದರೂ ಇರಲಿ, ಒಂದು ಕಾಗದದಲ್ಲೂ ಇರಲಿ. ಫೋನೇ ಕಳೆದರೆ?

6. ಬ್ಯಾಗ್ ಬರದಿದ್ದರೆ: ಹೊರಗೆ ಬರಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಬೆಲ್ಟ್ ನಿಂತ ತಕ್ಷಣ, ಕಸ್ಟಮ್ಸ್ ದಾಟುವ ಮೊದಲು, ಅಲ್ಲೇ ಇರುವ ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ ಅನ್ನುವ ದೂರು ಬರೆಸಬೇಕು. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಬ್ಯಾಗ್ ಟ್ಯಾಗ್ ತೋರಿಸಿ. ಅವರು ಐದು ಅಕ್ಷರ, ಐದು ಅಂಕಿಯ ಒಂದು ನಂಬರು ಕೊಡುತ್ತಾರೆ. ಈ ಕಾಗದ ಇಲ್ಲದೆ ವಿಮಾ ಕಂಪನಿಯೂ ಮಾತಾಡುವುದಿಲ್ಲ, ಏರ್‌ಲೈನಿನ ಬೆನ್ನು ಹತ್ತುವುದೂ ಕಷ್ಟ.

ಇದರಲ್ಲಿ ಎರಡು ದಾರಿ ಇವೆ, ಎರಡೂ ಬೇರೆ ಬೇರೆ. ಏರ್‌ಲೈನಿನ ಹೊಣೆ ಮಾಂಟ್ರಿಯಲ್ ಒಪ್ಪಂದ ಅನ್ನುವ ವಿಮಾನಯಾನದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗ್ ಕಳೆದರೆ, ಹಾಳಾದರೆ, ತಡವಾದರೆ ಒಬ್ಬ ಪ್ರಯಾಣಿಕರಿಗೆ ಗರಿಷ್ಠ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಮಾನ). 2024ರ ಡಿಸೆಂಬರ್ 28ರಿಂದ ಈ ಮಿತಿ. ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಅಷ್ಟೂ ತಾನಾಗಿ ಬಂದುಬಿಡುತ್ತದೆ ಅಂತಲ್ಲ, ಆದ ನಷ್ಟ ತೋರಿಸಬೇಕು. ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬರದಿದ್ದರೆ ಕಳೆದೇಹೋಯಿತು ಅಂತ ಲೆಕ್ಕ.

ವಿಮೆಯ ದಾರಿ ಇನ್ನೊಂದು. ಬ್ಯಾಗ್ ಪಾಲಿಸಿಯಲ್ಲಿ ಹೇಳಿದಷ್ಟು ಗಂಟೆಗಿಂತ ಜಾಸ್ತಿ ತಡವಾದರೆ ತುರ್ತಾಗಿ ಕೊಂಡ ಬಟ್ಟೆಬರೆಗೆ ಕೊಡುತ್ತಾರೆ. ನಮ್ಮದರಲ್ಲಿ 12 ಗಂಟೆ ಅಂತ ಇತ್ತು. ನೀಲಿ ಬ್ಯಾಗು ಬಂದದ್ದು 30 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಅಪ್ಪನಿಗೆ ರಾತ್ರಿ ಸಂತೆಯಲ್ಲಿ ಆನೆ ಚಿತ್ರದ ಟಿ-ಶರ್ಟು, ಎರಡು ಚಡ್ಡಿ, ಮಗಳಿಗೆ ಈಜುಡುಗೆ ಕೊಂಡಿದ್ದೆವು. ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದೆವು ಅಂತ ಹೆಮ್ಮೆ ಬೇರೆ. ಬಿಲ್ಲು? ಸಂತೆಯಲ್ಲಿ ಎಲ್ಲಿಯ ಬಿಲ್ಲು! ಆ ಕ್ಲೈಮ್ ಅಲ್ಲೇ ಸತ್ತಿತು. ಕ್ರೆಡಿಟ್ ಕಾರ್ಡ್ ತಗೊಳ್ಳುವ, ಅಚ್ಚಾದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ಬ್ಯಾಗ್ ಕೈಗೆ ಬಂದ ಹೊತ್ತು ನಮೂದಿಸಿದ ಚೀಟಿಯನ್ನೂ ಏರ್‌ಲೈನಿನಿಂದ ಪಡೆಯಿರಿ. ವಾಪಸ್ ಊರಿಗೆ ಬರುವಾಗ ಬ್ಯಾಗ್ ತಡವಾದರೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ. ಮನೆಯಲ್ಲಿ ಬಟ್ಟೆ ಇದೆಯಲ್ವಾ.

7. ಆಸ್ಪತ್ರೆಗೆ ಹೋಗಬೇಕಾದರೆ

ಅಮ್ಮ ಬಿದ್ದಾಗ ದೋಣಿಯವನು ಐಸ್ ಪೆಟ್ಟಿಗೆಯಿಂದ ಐಸ್ ತೆಗೆದು ಟವೆಲಿನಲ್ಲಿ ಸುತ್ತಿ ಕೊಟ್ಟ. ದಡ ಸೇರುವಷ್ಟರಲ್ಲಿ ಕೈ ಊದಿಕೊಂಡಿತ್ತು. ಆಸ್ಪತ್ರೆಯಲ್ಲಿ ನರ್ಸ್ ಒಂದು ಪುಟ್ಟ ಕಟರ್ ಹಿಡಿದು ಬಂದಳು, ಬಳೆ ಕತ್ತರಿಸಲು. ಎರಡು ಚಿನ್ನದ ಬಳೆ, ಅಮ್ಮನ ಮದುವೆಯವು. ಅಮ್ಮನಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. "ಕೈ ಬೇಕಾದ್ರೆ ಕತ್ತರಿಸ್ಲಿ, ಬಳೆ ಬೇಡ ಅನ್ನೋ" ಅಂದಳು. ಕೊನೆಗೆ ನನ್ನ ಹೆಂಡತಿ ಸೋಪಿನ ನೊರೆ ಹಚ್ಚಿ, ಒಂದು ಪ್ಲಾಸ್ಟಿಕ್ ಕವರನ್ನು ಬಳೆಯ ಒಳಗೆ ತೂರಿಸಿ, ಹತ್ತು ನಿಮಿಷ ಒದ್ದಾಡಿ ಎರಡನ್ನೂ ಜಾರಿಸಿದಳು. ಕೈಗೆ ಪೆಟ್ಟಾದರೆ ಊತ ಏರುವ ಮೊದಲೇ ಬಳೆ, ಉಂಗುರ ತೆಗೆದುಬಿಡಿ. ಇದು ಯಾವ ಪಾಲಿಸಿಯಲ್ಲೂ ಬರೆದಿರುವುದಿಲ್ಲ.

ಇನ್ನು ವಿಮೆಯ ಮಾತು. ಜೀವಕ್ಕೆ ಅಪಾಯವಿದ್ದರೆ ಮೊದಲು ಆ್ಯಂಬುಲೆನ್ಸ್. ಥಾಯ್ಲೆಂಡಿನಲ್ಲಿ 1669. ಪ್ರವಾಸಿಗರಿಗಾಗಿಯೇ ಇರುವ ಪೊಲೀಸರ ನಂಬರು 1155. ಬೇರೆ ದೇಶವಾದರೆ ಆ ದೇಶದ ನಂಬರು ಬರೆದುಕೊಂಡು ಹೋಗಿ. ಅಷ್ಟು ತುರ್ತು ಇಲ್ಲದಿದ್ದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ವಿಮೆಯ ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿ. ಪಾಲಿಸಿ ನಂಬರು, ಪಾಸ್‌ಪೋರ್ಟ್ ನಂಬರು, ಏನಾಯಿತು, ಎಲ್ಲಿದ್ದೀರಿ, ಇಷ್ಟು ಹೇಳಿದರೆ ಒಂದು ಕೇಸ್ ನಂಬರು ಕೊಡುತ್ತಾರೆ. ಯಾರ ಹತ್ತಿರ ಮಾತಾಡಿದಿರಿ, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೆ ಕ್ಯಾಶ್‌ಲೆಸ್ ಆಗುತ್ತದೆ ಅಂತಲೂ ಅವರೇ ಹೇಳುತ್ತಾರೆ.

ಕ್ಯಾಶ್‌ಲೆಸ್ ಅಂದ ತಕ್ಷಣ ಜೇಬಿಗೆ ಕೈ ಹಾಕುವುದೇ ಬೇಡ ಅಂದುಕೊಳ್ಳಬೇಡಿ. ನಮಗೆ ಆಸ್ಪತ್ರೆ ಮೊದಲು ಡೆಪಾಸಿಟ್ ಕೇಳಿತು. ವಿಮೆಯವರ ಒಪ್ಪಿಗೆ ಪತ್ರ ಬರಲು ಐದು ಗಂಟೆ ಹಿಡಿಯಿತು. ಅಮ್ಮ ನೋವು ತಿನ್ನುತ್ತಾ ಕೂತಿರುವಾಗ ಐದು ಗಂಟೆ ಯಾರು ಕಾಯುತ್ತಾರೆ? ಕಾರ್ಡ್ ಉಜ್ಜಿದೆ. ಎಕ್ಸ್‌ರೇ, ಮೂಳೆ ಕೂರಿಸಿ ಪ್ಲಾಸ್ಟರ್, ಒಂದು ರಾತ್ರಿ ವಾಸ. ಹಾಗಾಗಿ ವಿದೇಶದಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ಒಂದರಲ್ಲಿ ಸಾಕಷ್ಟು ಲಿಮಿಟ್ ಖಾಲಿ ಇಟ್ಟುಕೊಂಡು ಹೋಗಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿದ್ದೀರಾ ನೋಡಿ.

ಬಿಡುಗಡೆ ಹೊತ್ತಿಗೆ ಅವಸರ ಮಾಡಬೇಡಿ. ಇಂಗ್ಲಿಷಿನಲ್ಲಿ ಡಿಸ್ಚಾರ್ಜ್ ಸಮರಿ, ಒಂದೊಂದು ಖರ್ಚೂ ಬಿಡಿಬಿಡಿಯಾಗಿ ಇರುವ ಬಿಲ್, ದುಡ್ಡು ಕಟ್ಟಿದ ರಸೀದಿ, ಎಕ್ಸ್‌ರೇ ಮತ್ತು ಅದರ ವರದಿ, ಔಷಧಿ ಚೀಟಿ, ಔಷಧಿ ಬಿಲ್, ಇವಿಷ್ಟೂ ಸಹಿ ಸೀಲಿನ ಸಮೇತ ಬೇಕು. ಬಿಲ್ ಬೇರೆ, ರಸೀದಿ ಬೇರೆ. ನಾವು ರಸೀದಿ ಮರೆತು ಟ್ಯಾಕ್ಸಿ ಹತ್ತಿದ್ದೆವು, ಅರ್ಧ ದಾರಿಯಿಂದ ವಾಪಸ್ ಹೋದೆ. ಊರಿಗೆ ಬಂದಮೇಲೆ ಆ ಆಸ್ಪತ್ರೆಗೆ ಮೇಲ್ ಮಾಡಿ ಒಂದು ಕಾಗದ ತರಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಯೋಚಿಸಿ.

8. ಪಾಸ್‌ಪೋರ್ಟ್ ಕಳೆದರೆ

ನಮಗೆ ಆಗಲಿಲ್ಲ, ಪುಣ್ಯ. ಆದರೆ ಕ್ರಮ ಸರಳ. ಮೊದಲು ಸ್ಥಳೀಯ ಪೊಲೀಸ್ ದೂರು, ಅದರ ಪ್ರತಿ. ಆಮೇಲೆ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್. ಊರಿಗೆ ಮರಳಲಷ್ಟೇ ಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಬರುವ ಒಂದು ಕಡೆಯ ಪ್ರಯಾಣಕ್ಕೆ ಮಾತ್ರ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟದ ಪ್ರತಿ ಮತ್ತು ಎರಡು ಫೋಟೋ ಕೈಯಲ್ಲಿದ್ದರೆ ಅರ್ಧ ಕೆಲಸ ಆದಹಾಗೆ. ಕಟ್ಟಿದ ಫೀಸಿನ ರಸೀದಿ ಇಡಿ, ಅದನ್ನು ಪಾಲಿಸಿಯಲ್ಲಿ ಕೇಳಬಹುದು.

9. ಊರಿಗೆ ಬಂದಮೇಲೆ

ಪಾಲಿಸಿಯಲ್ಲಿ ಹೇಳಿದ ಗಡುವಿನೊಳಗೆ ಕ್ಲೈಮ್ ಫಾರ್ಮ್ ಕಳಿಸಿ. ಜೊತೆಗೆ ಬೋರ್ಡಿಂಗ್ ಪಾಸ್‌ಗಳು, ಪಾಸ್‌ಪೋರ್ಟಿನಲ್ಲಿ ಹೋದ ಬಂದ ಮುದ್ರೆಯ ಪುಟ, ರದ್ದು ಮಾಡಿದ ಚೆಕ್. ಬೋರ್ಡಿಂಗ್ ಪಾಸನ್ನು ಪುಸ್ತಕದ ಗುರುತಿಗೆ ಇಟ್ಟು ಕಳೆಯಬೇಡಿ. ಸಿಂಗಾಪುರದಂಥ ಕಡೆ ಈಗ ಪಾಸ್‌ಪೋರ್ಟಿಗೆ ಮುದ್ರೆಯನ್ನೇ ಒತ್ತುವುದಿಲ್ಲ, ನೀವು ಅಲ್ಲಿಗೆ ಹೋಗಿದ್ದಕ್ಕೆ ಸಾಕ್ಷಿ ಅಂದರೆ ಇಮೇಲಿಗೆ ಬಂದ ಆ ದೇಶದ ಪ್ರವೇಶ ಪಾಸು, ಈ ಬೋರ್ಡಿಂಗ್ ಪಾಸ್‌ಗಳು, ಅಷ್ಟೇ.

ಕಳಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ. ಮಾತುಕತೆ ಫೋನಿನಲ್ಲಿ ಬೇಡ, ಮೇಲಿನಲ್ಲೇ ಇರಲಿ. "ಇನ್ನೊಂದು ದಾಖಲೆ ಬೇಕು" ಅಂತ ಮೂರು ಸಲ ಕೇಳಿದರು ನಮಗೆ. ಮೂರನೇ ಸಲ, ಬೇಕಾದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು ಕೊಡಿ ಅಂತ ಮೇಲ್ ಹಾಕಿದ ಮೇಲೆ ಆ ಆಟ ನಿಂತಿತು.

10. ತಿರಸ್ಕಾರ ಆದರೆ

ಯಾವ ನಿಯಮದ ಪ್ರಕಾರ ತಿರಸ್ಕರಿಸಿದ್ದೀರಿ ಅಂತ ಲಿಖಿತವಾಗಿ ಕೇಳಿ. ಆ ಸಾಲನ್ನು ಪಾಲಿಸಿಯಲ್ಲಿ ತೆಗೆದು ಓದಿ. ನಮ್ಮ ಬ್ಯಾಗ್ ಕ್ಲೈಮಿನಲ್ಲಿ ಅವರು ಹೇಳಿದ್ದು ಸರಿಯಾಗೇ ಇತ್ತು, ಸುಮ್ಮನಾದೆ. ನಿಮಗೆ ಅನ್ಯಾಯ ಅನ್ನಿಸಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲಿನಲ್ಲಿ ಅಥವಾ 155255 ನಂಬರಿನಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ (ಗ್ರಾಹಕರ ಮತ್ತು ಕಂಪನಿಯ ನಡುವಿನ ವ್ಯಾಜ್ಯ ಬಗೆಹರಿಸುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ಕೇಳುತ್ತಾರೆ.

ಅಮ್ಮನ ಆಸ್ಪತ್ರೆ ದುಡ್ಡು ಏಳನೇ ವಾರದಲ್ಲಿ ಬಂತು, 100 ಡಾಲರ್ ಮುರಿದುಕೊಂಡು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿಸಿ ಬಳೆ ಮತ್ತೆ ಕೈಗೇರಿತ್ತು. ಬಿಲ್ಲಿಲ್ಲದ ಆನೆ ಟಿ-ಶರ್ಟನ್ನು ಅಪ್ಪ ಈಗಲೂ ಬೆಳಗಿನ ವಾಕಿಂಗಿಗೆ ಹಾಕಿಕೊಂಡು ಹೋಗುತ್ತಾರೆ.